ಪೆಟ್ರೋಲ್ ಹುಲ್ಲು ಕಟರ್: ಎಷ್ಟು ಸಿಸಿ? ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ?

ಹಿತ್ತಲಹುಲ್ಲು:

ಎಲ್ಲರಿಗೂ ನಮಸ್ಕಾರ. ಮನೆ ಸುತ್ತಲಿನ ಜಾಗಕ್ಕೆ ಪೆಟ್ರೋಲ್ ಹುಲ್ಲು ಕಟರ್ ಒಂದು ತಗೋಬೇಕು ಅಂತ ಹೊರಟಿದ್ದೀನಿ. ವಿಚಾರಿಸಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ.

ಜಾಗದ ಕಥೆ ಹೀಗೆ. ಮುಂದುಗಡೆ ಸಮತಟ್ಟು, ಮೊಣಕಾಲುದ್ದ ಮೆತ್ತನೆ ಹುಲ್ಲು. ಒಂದು ಪಕ್ಕ ತಂತಿ ಬೇಲಿ, ಅದರ ಬುಡಕ್ಕೆ ತಳ್ಳೋ ಮೆಷಿನ್ ಹೋಗಲ್ಲ. ಹಿಂದುಗಡೆ ಇಳಿಜಾರು, ಅಲ್ಲಿ ಹುಲ್ಲಿನ ಜೊತೆಗೆ ಬೆರಳು ಗಾತ್ರದ ಕಾಂಡ ಬಿಟ್ಟ ಪೊದೆನೂ ಎದ್ದಿದೆ, ಕಲ್ಲುಗಳೂ ಇವೆ. ಅಲ್ಲಲ್ಲಿ ಹೋದ ವರ್ಷ ನೆಟ್ಟ ಸಸಿಗಳು.

ಮೆಷಿನ್ ಹಿಡಿಯೋರು ಇಬ್ಬರು, ನಾನು ಮತ್ತು ನನ್ನ ತಮ್ಮ. ನಾನು ಐದಡಿ ಎರಡಿಂಚು, ಅವನು ಹತ್ತಿರ ಹತ್ತಿರ ಆರಡಿ. ನನಗೆ ಬಲ ಭುಜ ಮೊದಲೇ ಸ್ವಲ್ಪ ತೊಂದರೆ. ಅಂಗಡಿಯವರು "52 ಸಿಸಿ ತಗೊಂಡುಬಿಡಿ ಮೇಡಂ, ಏನು ಬಂದರೂ ಹೊಡೆದು ಹಾಕುತ್ತೆ" ಅಂತಾರೆ. ತಮ್ಮನದು ಒಂದೇ ಹಟ: ಫೋರ್ ಸ್ಟ್ರೋಕೇ ಬೇಕು, ಟೂ ಸ್ಟ್ರೋಕಿನ ಹಾಗೆ ಪೆಟ್ರೋಲಿಗೆ ಆಯಿಲ್ ಕಲಸೋ ರಗಳೆ ಇರಲ್ಲ ಅಂತ. ನೆಟ್ಟಗಿರೋ ಪೈಪಿಂದು ತಗೋಬೇಕಾ, ಬಾಗಿದ ಪೈಪಿಂದಾ? ನೈಲಾನ್ ದಾರ ಸಾಕಾ, ಬ್ಲೇಡೂ ಬೇಕಾ? ಟೂ ಸ್ಟ್ರೋಕ್ ಆದ್ರೆ ಲೀಟರಿಗೆ ಎಷ್ಟು ಆಯಿಲ್? ಇದಕ್ಕೆ ಕೇಳಿದವರೆಲ್ಲ ಒಂದೊಂದು ಲೆಕ್ಕ ಕೊಟ್ಟಿದ್ದಾರೆ.

ಬಳಸಿ ಗೊತ್ತಿರೋರು ದಯವಿಟ್ಟು ಹೇಳಿ. ಬ್ರ್ಯಾಂಡ್ ಜಗಳ ಬೇಡ.


ಸದ್ದಿಲ್ಲದೆ:

ಅಷ್ಟು ಜಾಗಕ್ಕೆ ಪೆಟ್ರೋಲ್ ಯಾಕೆ ಮೇಡಂ? ಬ್ಯಾಟರಿದು ತಗೊಳ್ಳಿ. ಬಟನ್ ಒತ್ತಿದರೆ ಓಡುತ್ತೆ, ಹಗ್ಗ ಎಳೆಯೋದಿಲ್ಲ, ಹೊಗೆ ಇಲ್ಲ, ಅಕ್ಕಪಕ್ಕದವರು ಬೈಯಲ್ಲ. ಭುಜ ನೋವು ಅಂತೀರಿ, ಮತ್ತೆ ಪೆಟ್ರೋಲ್ ಮೆಷಿನ್ ಕೇಳ್ತೀರಿ.


ರಿಪೇರಿಮೇಜು:

ಮೇಲಿನವರು ಹೇಳಿದ್ದು ಮುಂದುಗಡೆ ಹುಲ್ಲಿಗೆ ನೂರಕ್ಕೆ ನೂರು ಸರಿ. ಬೇಲಿ ಬುಡಕ್ಕೂ ಸರಿ. ಆದರೆ ಇಳಿಜಾರು ಪೂರ್ತಿ ಒಂದೇ ಬೆಳಿಗ್ಗೆ ಮುಗಿಸಬೇಕು ಅಂದ್ರೆ ಒಂದಕ್ಕಿಂತ ಹೆಚ್ಚು ಬ್ಯಾಟರಿ ಇಟ್ಕೋಬೇಕಾಗುತ್ತೆ. ಇವರು ಪೆಟ್ರೋಲ್ ಅಂತ ನಿರ್ಧಾರ ಮಾಡಿ ಬಂದಿದ್ದಾರೆ, ಅದನ್ನೇ ಮಾತಾಡೋಣ. ಸಣ್ಣ ಇಂಜಿನ್ ಬಿಚ್ಚಿ ಜೋಡಿಸೋದು ನನ್ನ ದಿನದ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮೊದಲು ಆ 52 ಸಿಸಿ ಮಾತು ಬಿಡಿ. ಆ ವರ್ಗದ ಮೆಷಿನ್‌ಗಳು ಪೆಟ್ರೋಲ್ ತುಂಬಿ, ಗಾರ್ಡ್ ಹಾಕಿ ನಿಂತರೆ ಸಾಮಾನ್ಯವಾಗಿ 8 ಕೆಜಿ ಆಸುಪಾಸು ತೂಗ್ತವೆ. 25 ಸಿಸಿ ಸುತ್ತಮುತ್ತಲಿಂದು 5ರಿಂದ 6 ಕೆಜಿ. ಕಾಗದದ ಮೇಲೆ ಎರಡು ಮೂರು ಕೆಜಿ ವ್ಯತ್ಯಾಸ, ಏನು ಮಹಾ ಅನ್ಸುತ್ತೆ. ಆದರೆ ಅದನ್ನ ಪಕ್ಕಕ್ಕೆ ನೇತು ಹಾಕ್ಕೊಂಡು ಗಂಟೆಗಟ್ಟಲೆ ಎಡಕ್ಕೂ ಬಲಕ್ಕೂ ಬೀಸೋದು ನಿಮ್ಮ ಭುಜ. ಇನ್ನೊಂದು, ಕ್ಯಾಟಲಾಗಲ್ಲಿ ಬರೆಯೋ ತೂಕ ಹೆಚ್ಚಾಗಿ ಪೆಟ್ರೋಲ್ ಇಲ್ಲದೆ, ದಾರದ ಹೆಡ್ (ತುದಿಯಲ್ಲಿ ದಾರ ಸುತ್ತಿರೋ, ತಿರುಗೋ ಭಾಗ) ಇಲ್ಲದೆ, ಗಾರ್ಡ್ ಇಲ್ಲದೆ ಹಿಡಿದ ತೂಕ. ಲೀಟರ್ ಪೆಟ್ರೋಲೇ ಮುಕ್ಕಾಲು ಕೆಜಿ ತೂಗುತ್ತೆ. ಅಂಗಡಿಯಲ್ಲಿ ಟ್ಯಾಂಕ್ ತುಂಬಿಸಿ, ಬೆಲ್ಟ್ ಹಾಕಿಸ್ಕೊಂಡು, ಹತ್ತು ನಿಮಿಷ ಸುಮ್ಮನೆ ಬೀಸಿ ನೋಡಿ. ಅದಕ್ಕೆ ಒಪ್ಪದ ಅಂಗಡಿ ನಾಳೆ ಸ್ಪೇರ್ ಕೇಳಿದ್ರೂ ಮುಖ ತಿರುಗಿಸುತ್ತೆ.

ಹಾಗಾದ್ರೆ ಪೊದೆಗೆ ಏನು? ಬೆರಳು ಗಾತ್ರದ ಕಾಂಡ ಎದ್ದಿರೋದು ತುಂಬಾ ದಿನ ಯಾರೂ ಮುಟ್ಟಿಲ್ಲ ಅನ್ನೋದಕ್ಕೆ. ಅದನ್ನ ಒಂದು ಸಲ ಕತ್ತಿ, ಕೈಗರಗಸ ಹಿಡಿದು ತಮ್ಮನ ಕೈಲಿ ಬುಡಕ್ಕೆ ಕಡಿಸಿ. ಆಮೇಲೆ ಚಿಗುರು ಬಂದ ಹಾಗೆ ಹೊಡೀತಾ ಹೋದ್ರೆ ಚಿಗುರಿಗೆ ನೈಲಾನ್ ದಾರವೇ ಸಾಕು. ಒಂದೇ ಸಲ ಮಾಡೋ ಕೆಲಸಕ್ಕೆ ಅಳತೆ ಹಿಡಿದು ಮೆಷಿನ್ ತಗೊಂಡ್ರೆ, ಉಳಿದ ಅಷ್ಟೂ ಸಲ ಆ ಭಾರ ಹೊರಬೇಕಾಗುತ್ತೆ. ಪ್ರತಿ ಸಲ ಮಾಡೋ ಕೆಲಸ ಯಾವುದೋ ಅದಕ್ಕೆ ತಗೊಳ್ಳಿ. ನಿಮಗೆ 25ರಿಂದ 30 ಸಿಸಿ ಒಳಗಿನದು. ಪೊದೆ ಕಡಿಯೋಕೆ ಮನಸ್ಸೇ ಇಲ್ಲ ಅಂದ್ರೆ 35 ಸಿಸಿ, ಅದಕ್ಕಿಂತ ಮೇಲೆ ಬೇಡವೇ ಬೇಡ.

ಸಿಸಿ ಜೊತೆ ಕಿಲೋವ್ಯಾಟ್, ಅಂದ್ರೆ ಇಂಜಿನ್ನಿನ ಶಕ್ತಿ, ಎಷ್ಟು ಅಂತಲೂ ಓದಿ. ಹೋಂಡಾ ಜಿಎಕ್ಸ್ 25 ಅನ್ನೋ ಫೋರ್ ಸ್ಟ್ರೋಕ್ ಇಂಜಿನ್ 25 ಸಿಸಿಗೆ 0.72 ಕಿಲೋವ್ಯಾಟ್ ಅಂತ ಬರ್ಕೊಂಡಿದೆ, ಅದರ ಅಣ್ಣ ಜಿಎಕ್ಸ್ 35 ಸುಮಾರು 1 ಕಿಲೋವ್ಯಾಟ್. ಹೆಸರಿಲ್ಲದ ಡಬ್ಬಿಯಲ್ಲಿ ಬರೋ ಮೆಷಿನ್ ಮೇಲೆ ಸಿಸಿ ದೊಡ್ಡ ಅಕ್ಷರದಲ್ಲಿದ್ದು ಕಿಲೋವ್ಯಾಟ್ ಎಲ್ಲೂ ಕಾಣದಿದ್ರೆ ಆ ಡಬ್ಬಿ ಅಲ್ಲೇ ಇಡಿ.

ಪೈಪ್ ವಿಚಾರ. ನೆಟ್ಟಗಿರೋದನ್ನೇ ತಗೊಳ್ಳಿ. ಬಾಗಿದ ಪೈಪಿನ ಒಳಗೆ ಬಳುಕೋ ಕೇಬಲ್ ಇರುತ್ತೆ, ತುದಿಯಲ್ಲಿ ಗೇರ್ ಇರಲ್ಲ. ಹಗುರ, ಕೈಗೂ ಸಲೀಸು, ಆದರೆ ಕಬ್ಬಿಣದ ಬ್ಲೇಡಿಗೆ ಆಗಿಬರಲ್ಲ. ನೆಟ್ಟನೆಯದರ ತುದಿಯಲ್ಲಿ ಗೇರ್ ಬಾಕ್ಸ್ ಇರುತ್ತೆ, ಬೇಲಿ ಕೆಳಗೆ ದೂರದವರೆಗೆ ಕೈ ಹೋಗುತ್ತೆ. ಆ ಗೇರ್ ಬಾಕ್ಸಿಗೆ ಪಕ್ಕದಲ್ಲಿ ಸಣ್ಣ ಸ್ಕ್ರೂ ಇದೆ, 25 ಗಂಟೆ ಓಡಿದ ಮೇಲೆ ಬಿಚ್ಚಿ ಸ್ವಲ್ಪ ಲಿಥಿಯಂ ಗ್ರೀಸ್ ಒತ್ತಬೇಕು. ತುಂಬಿ ತುಳುಕಿಸಬೇಡಿ, ಬಿಸಿಯಾದ್ರೆ ಸೀಲ್ ಒಡೆದು ಹೊರಗೆ ಬರುತ್ತೆ. ಆ ಸ್ಕ್ರೂ ಒಂದು ಸಲವೂ ಬಿಚ್ಚದೆ ಹಲ್ಲು ಸವೆದು ಹಿಟ್ಟಾದ ಗೇರ್‌ಗಳು ನನ್ನ ಮೇಜಿನ ಡ್ರಾಯರ್ ತುಂಬಾ ಇವೆ.

ಇಬ್ಬರು ಬಳಸೋದು ಅಂತ ಬರೆದಿದ್ದೀರಿ, ಅದು ಮುಖ್ಯ. ಹ್ಯಾಂಡಲ್ ಮುಂದೆ ಹಿಂದೆ ಜರುಗಬೇಕು, ಬೆಲ್ಟ್ ಎರಡೂ ಭುಜದ್ದಾಗಿರಬೇಕು. ಕೊಕ್ಕೆ ನಿಮ್ಮ ಬಲ ಸೊಂಟದಿಂದ ಒಂದು ಅಂಗೈ ಅಗಲ ಕೆಳಗೆ ಬರೋ ಹಾಗೆ ಬೆಲ್ಟ್ ಹೊಂದಿಸಿ, ಎರಡೂ ಕೈ ಬಿಡಿ. ದಾರದ ಹೆಡ್ ನೆಲಕ್ಕೆ ಹಗುರವಾಗಿ ತಾಗಿಕೊಂಡು ನಿಂತರೆ ಸರಿ ಇದೆ. ಮೂಗು ನೆಲಕ್ಕೆ ಊರಿದ್ರೆ ಅಥವಾ ಮೇಲಕ್ಕೆ ಎದ್ರೆ ಪೈಪಿನ ಮೇಲಿರೋ ಕೊಕ್ಕೆಯ ಕ್ಲ್ಯಾಂಪ್ ಜರುಗಿಸಿ. ತಮ್ಮ ಬಳಸಿದ ಮೇಲೆ ನೀವು ಹಾಗೇ ಎತ್ಕೊಂಡ್ರೆ ಆ ದಿನ ಭುಜ ಹೋಯ್ತು. ಇಬ್ಬರಿಗೂ ಎರಡು ಬೇರೆ ಬೆಲ್ಟ್ ಇಟ್ಕೊಳ್ಳೋದು ಇನ್ನೂ ವಾಸಿ.

ಈಗ ತಮ್ಮನ ಫೋರ್ ಸ್ಟ್ರೋಕ್. ಅವರ ಮಾತು ಅರ್ಧ ನಿಜ. ಪೆಟ್ರೋಲಿಗೆ ಆಯಿಲ್ ಕಲಸೋ ಹಾಗಿಲ್ಲ, ಸದ್ದು ದಪ್ಪ, ವಾಸನೆ ಕಮ್ಮಿ. ಆದರೆ ಅದರ ಹೊಟ್ಟೆಯಲ್ಲಿ ಬೇರೆ ಆಯಿಲ್ ಇರುತ್ತೆ: ಜಿಎಕ್ಸ್ 25ಗೆ 80 ಎಂಎಲ್, ಜಿಎಕ್ಸ್ 35ಗೆ 100 ಎಂಎಲ್. ಅಷ್ಟೇ ಅಷ್ಟು. 80ರಲ್ಲಿ 30 ಸುಟ್ಟು ಹೋದ್ರೆ ಏನು ಉಳಿಯಿತು ನೀವೇ ಲೆಕ್ಕ ಹಾಕಿ. ಪ್ರತಿ ಸಲ ಸ್ಟಾರ್ಟ್ ಮಾಡೋ ಮುಂಚೆ ಮಟ್ಟ ನೋಡಬೇಕು. ಮೊದಲ ಸಲ 10 ಗಂಟೆಗೆ ಬದಲಾಯಿಸಬೇಕು, ಆಮೇಲೆ 50 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ. ವಾಲ್ವ್ ಗ್ಯಾಪ್ (ವಾಲ್ವಿನ ಸಂದಿ) ಹೊಂದಿಸೋ ಕೆಲಸ ಬೇರೆ. ಇನ್ನೊಂದು ಮಾತು ತಮ್ಮನಿಗೆ ಹೇಳಿ: ಸ್ಟಿಲ್ ಕಂಪನಿಯವರ 4-ಮಿಕ್ಸ್ ಅಂತ ಒಂದು ಇಂಜಿನ್ ಇದೆ, ವಾಲ್ವ್ ಇರೋ ಫೋರ್ ಸ್ಟ್ರೋಕೇ, ಆದರೆ ಅದಕ್ಕೂ ಆಯಿಲ್ ಕಲಸಿದ ಪೆಟ್ರೋಲೇ ಹಾಕಬೇಕು. ಫೋರ್ ಸ್ಟ್ರೋಕ್ ಅಂತ ಬರೀ ಪೆಟ್ರೋಲ್ ಸುರಿದ್ರೆ ಕೆಲಸ ಕೆಡುತ್ತೆ.

ನನ್ನ ಅಭಿಪ್ರಾಯ ಕೇಳಿದ್ರೆ, ವಾರಕ್ಕೊಮ್ಮೆ ತಪ್ಪದೆ ಓಡಿಸೋರಿಗೆ, ಆಯಿಲ್ ಮಟ್ಟ ನೋಡೋ ಅಭ್ಯಾಸ ಇರೋರಿಗೆ ಫೋರ್ ಸ್ಟ್ರೋಕ್. ಅಪರೂಪಕ್ಕೆ ತೆಗೆಯೋರಿಗೆ, ಇಳಿಜಾರಲ್ಲಿ ಹೇಗೆಂದರೆ ಹಾಗೆ ವಾಲಿಸಿ ಹಿಡಿಯೋರಿಗೆ ಟೂ ಸ್ಟ್ರೋಕ್. ಆ ಹೋಂಡಾ ಇಂಜಿನ್‌ಗಳು ಯಾವ ಕೋನದಲ್ಲಿ ಹಿಡಿದ್ರೂ ಓಡೋ ಹಾಗೆ ಮಾಡಿದವು, ಆದರೆ ಎಲ್ಲ ಫೋರ್ ಸ್ಟ್ರೋಕೂ ಹಾಗಲ್ಲ.

ಆಯಿಲ್ ಲೆಕ್ಕ. ಮೆಷಿನ್ ಪುಸ್ತಕದಲ್ಲಿ 50:1 (50 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್) ಅಂತಿದ್ರೆ ಲೀಟರಿಗೆ 20 ಎಂಎಲ್. 40:1 ಅಂದ್ರೆ 25. 25:1 ಅಂದ್ರೆ 40. ನಿಮಗೆ ಒಬ್ಬೊಬ್ರು ಒಂದೊಂದು ಹೇಳಿದ್ದು ಇದಕ್ಕೇ, ಅವರವರ ಮೆಷಿನ್ನಿನ ಲೆಕ್ಕ ಅದು. ನಿಮ್ಮ ಮೆಷಿನ್ ಪುಸ್ತಕ ಏನನ್ನುತ್ತೋ ಅದೇ ಅಂತಿಮ. "ಸ್ವಲ್ಪ ಜಾಸ್ತಿ ಆಯಿಲ್ ಇದ್ರೆ ಇಂಜಿನ್ನಿಗೆ ಒಳ್ಳೇದು" ಅನ್ನೋರು ಸೈಲೆನ್ಸರ್ ಬಾಯಿಯ ಜಾಲರಿ ಒಂದ್ಸಲ ಬಿಚ್ಚಿ ನೋಡಲಿ, ಡಾಂಬರು ಹಿಡಿದಿರುತ್ತೆ. ಜಾಲರಿ ಮುಚ್ಚಿಕೊಂಡ ಮೆಷಿನ್ ಸ್ಟಾರ್ಟ್ ಆಗುತ್ತೆ, ರೇಸ್ ಕೊಟ್ರೆ ಮಾತ್ರ ಏಳಲ್ಲ. ಕಮ್ಮಿ ಆಯಿಲ್ ಹಾಕಿದ್ರೆ ಪಿಸ್ಟನ್ ಮೇಲೆ ಗೀರು ಬಿದ್ದು ಸೀಜ್, ಅದಕ್ಕೆ ಮದ್ದಿಲ್ಲ.

ಆಯಿಲ್ ಡಬ್ಬಿಯ ಮೇಲೆ ಜೆಎಎಸ್‌ಒ ಎಫ್‌ಡಿ (ಜಪಾನಿನ ಗುಣಮಟ್ಟದ ಗುರುತು) ಅಂತ ಇದ್ರೆ ಉತ್ತಮ, ಎಫ್‌ಸಿ ಆದ್ರೂ ನಡೆಯುತ್ತೆ. ಟಿಸಿ-ಡಬ್ಲ್ಯೂ3 ಅಂತಿದ್ರೆ ಅದು ನೀರಿನಿಂದ ತಂಪಾಗೋ ದೋಣಿ ಇಂಜಿನ್ನಿಂದು. ಗಾಳಿಯಿಂದ ತಂಪಾಗೋ ನಮ್ಮ ಮೆಷಿನ್ನಿಗೆ ಅಲ್ಲ. ಟ್ಯಾಂಕಿಗೇ ನೇರ ಆಯಿಲ್ ಸುರಿಯೋ ಹವ್ಯಾಸ ಬೇಡ, ಅದು ಭಾರ, ತಳದಲ್ಲಿ ಕೂರುತ್ತೆ. ಬೇರೆ ಕ್ಯಾನಲ್ಲಿ ಅರ್ಧ ಪೆಟ್ರೋಲ್, ಮೇಲೆ ಆಯಿಲ್ ಪೂರ್ತಿ, ಚೆನ್ನಾಗಿ ಕುಲುಕಿ, ಮಿಕ್ಕ ಪೆಟ್ರೋಲ್ ಹಾಕಿ ಮತ್ತೆ ಕುಲುಕಿ. ಸೂಜಿ ತೆಗೆದ ಸಿರಿಂಜಲ್ಲಿ ಅಳೆದ್ರೆ ತಪ್ಪೇ ಆಗಲ್ಲ. ಕ್ಯಾನ್ ಮೇಲೆ ಅಳತೆ, ತಾರೀಖು ಎರಡೂ ಬರೆದಿಡಿ. ತಿಂಗಳು ದಾಟಿದ್ದು ಹಾಕಬೇಡಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತೆ, ನೀರು ಹೆಚ್ಚಾದ್ರೆ ಬೇರೆಯಾಗಿ ಕೆಳಗೆ ಇಳಿಯುತ್ತೆ. ಕಾರ್ಬೋರೇಟರ್ ಒಳಗಿನ ರಬ್ಬರ್ ಪೊರೆನೂ ಸೆಟೆದುಕೊಳ್ಳುತ್ತೆ. ನನ್ನ ಹತ್ರ "ಇಂಜಿನ್ ಹೋಯ್ತು" ಅಂತ ಬರೋವು ಬಹಳಷ್ಟು ಇಷ್ಟೇ ಕಾಯಿಲೆಯವು.


ಹಿತ್ತಲಹುಲ್ಲು:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ತಮ್ಮನಿಗೆ 80 ಎಂಎಲ್ ಲೆಕ್ಕ ಓದಿ ಹೇಳಿದೆ, ಸುಮ್ಮನಾದ.

ಇನ್ನೆರಡು ಕೇಳಲಾ? ಪರಿಚಯದವರ ಹಳೇ ಟೂ ಸ್ಟ್ರೋಕ್ ಒಂದು ನೋಡೋಣ ಅಂತ ತಂದಿದ್ವಿ. ಹಗ್ಗ ಎಳೆದು ಎಳೆದು ಕೈ ಸೋತಿತು. ಮೊದಲು ಒಂದು ಸಲ "ಡಬ್" ಅಂತು, ಆಮೇಲೆ ಏನೂ ಇಲ್ಲ. ಪ್ಲಗ್ ಬಿಚ್ಚಿದ್ರೆ ಒದ್ದೆ. ತಮ್ಮ ಹೇಗೋ ಸ್ಟಾರ್ಟ್ ಮಾಡಿದ ಮೇಲೆ ದಾರದ ಗೋಳು. ನೆಲಕ್ಕೆ ಕುಟ್ಟಿದ್ರೆ ದಾರ ಬರಲ್ಲ, ಬಿಚ್ಚಿ ನೋಡಿದ್ರೆ ಒಳಗೆ ಒಂದಕ್ಕೊಂದು ಅಂಟಿಕೊಂಡಿರುತ್ತೆ. ಹೊಸದಕ್ಕೂ ಇದೇ ಪಾಡಾ?


ರಿಪೇರಿಮೇಜು:

ಆ "ಡಬ್" ಬಂತಲ್ಲ, ಅಲ್ಲೇ ಇರೋದು ಗುಟ್ಟು. ಚೋಕ್ (ಇಂಜಿನ್ನಿಗೆ ಹೋಗೋ ಗಾಳಿ ತಡೆಯೋ ಮುಚ್ಚಳ) ಮುಚ್ಚಿದಾಗ ಬರೋ ಆ ಒಂದು ಸದ್ದು "ಪೆಟ್ರೋಲ್ ಬಂತು, ಇನ್ನು ಸಾಕು" ಅಂತ ಇಂಜಿನ್ ಹೇಳೋದು. ಅದು ಕೇಳಿದ ತಕ್ಷಣ ಚೋಕ್ ಅರ್ಧಕ್ಕೆ ತರಬೇಕು, ಅರ್ಧ ಇಲ್ಲದ ಮೆಷಿನ್ನಾದ್ರೆ ಪೂರ್ತಿ ತೆಗೀಬೇಕು. ನೀವು ಚೋಕ್ ಮುಚ್ಚಿಕೊಂಡೇ ಎಳೀತಾ ಹೋದ್ರೆ ಪೆಟ್ರೋಲ್ ತುಂಬಿ ಪ್ಲಗ್ ಮುಳುಗುತ್ತೆ. ಹಾಗಾದಾಗ ಪ್ಲಗ್ ಬಿಚ್ಚಿ ಒರೆಸಿ, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಹಗ್ಗ ಹಲವು ಸಲ ಎಳೀರಿ, ಒಳಗಿನ ಪೆಟ್ರೋಲ್ ಹೊರಗೆ ಹೋಗಲಿ. ಬೀಡಿ, ಬೆಂಕಿ ಹತ್ತಿರ ಇರಬಾರದು ಅಂತ ಬೇರೆ ಹೇಳ್ಬೇಕಾಗಿಲ್ಲ. ಹಾಗೇ ಪ್ಲಗ್ಗಿನ ತುದಿ ನೋಡ್ಕೊಳ್ಳಿ: ತಿಳಿ ಕಂದು ಇದ್ರೆ ಆರೋಗ್ಯ, ಕಪ್ಪಗೆ ಜಿಡ್ಡಾಗಿದ್ರೆ ಆಯಿಲ್ ಹೆಚ್ಚು ಅಥವಾ ಗಾಳಿ ಕಮ್ಮಿ, ಬೆಳ್ಳಗೆ ಸುಟ್ಟ ಹಾಗಿದ್ರೆ ಪೆಟ್ರೋಲ್ ಸಾಲ್ತಿಲ್ಲ, ಮೆಷಿನ್ ನಿಲ್ಲಿಸಿ ತೋರಿಸಿ.

ರಬ್ಬರ್ ಗುಳ್ಳೆ ಇದೆಯಲ್ಲ, ಅದನ್ನ ಜಾಸ್ತಿ ಒತ್ತಿದ್ರೆ ಪೆಟ್ರೋಲ್ ತುಂಬಿಬಿಡುತ್ತೆ ಅಂತ ಹೆದರಿ ಎರಡೇ ಸಲ ಒತ್ತೋರಿದ್ದಾರೆ. ಈ ಮೆಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಒಂದು ಪೈಪಲ್ಲಿ ಬಂದ ಪೆಟ್ರೋಲ್ ಇನ್ನೊಂದು ಪೈಪಲ್ಲಿ ವಾಪಸ್ ಟ್ಯಾಂಕಿಗೇ ಹೋಗುತ್ತೆ. ಗುಳ್ಳೆಯ ಕೆಲಸ ಗಾಳಿ ತೆಗೆಯೋದಷ್ಟೇ. ಗುಳ್ಳೆಯಲ್ಲಿ ಪೆಟ್ರೋಲ್ ಕಾಣೋವರೆಗೂ ಧಾರಾಳವಾಗಿ ಒತ್ತಿ.

ಎಳೆಯುವಾಗ ಮೆಷಿನ್ ನೆಲದ ಮೇಲಿರಲಿ, ಹೆಡ್ ಯಾವುದಕ್ಕೂ ತಾಗಿರಬಾರದು, ಎಡಗೈಯಲ್ಲಿ ಇಂಜಿನ್ ಒತ್ತಿ ಹಿಡೀರಿ. ಮೊದಲು ಮೆಲ್ಲಗೆ ಎಳೆದು ಬಿಗಿ ಸಿಕ್ಕಮೇಲೆ ಜೋರಾಗಿ ಒಂದೆಳೆತ. ಹಿಡಿ ಕೈಬಿಟ್ಟು ಹಗ್ಗ ಪಟ್ ಅಂತ ಒಳಗೆ ಹೋಗೋಕೆ ಬಿಡಬೇಡಿ. ಸ್ಟಾರ್ಟ್ ಆದ ಮೇಲೆ ಐಡಲಲ್ಲಿ ದಾರ ತಿರುಗಬಾರದು. ತಿರುಗಿದ್ರೆ ಐಡಲ್ ಸ್ಕ್ರೂ ಸ್ವಲ್ಪ ಇಳಿಸಿ. ಅದಕ್ಕೂ ನಿಲ್ಲದಿದ್ರೆ ಕ್ಲಚ್ ಸ್ಪ್ರಿಂಗ್ ಹೋಗಿದೆ, ಹಾಗೇ ಓಡಿಸಬೇಡಿ.

ದಾರದ ಗೋಳು. ಅಂಟಿಕೊಳ್ಳೋದು ಬಿಸಿಗೆ. ಯಾಕೆ ಬಿಸಿ ಆಗುತ್ತೆ ಅಂದ್ರೆ ಬೇಲಿ ಕಂಬಕ್ಕೋ ಕಲ್ಲಿಗೋ ದಾರ ಒತ್ತಿ ಉಜ್ಜೋದರಿಂದ, ಸುತ್ತುವಾಗ ಒಂದರ ಮೇಲೊಂದು ಅಡ್ಡ ಬಿದ್ದಿರೋದರಿಂದ, ಹಳೇ ದಾರ ಒಣಗಿ ಬಿರುಸಾಗಿರೋದರಿಂದ. ಕೊಯ್ಯೋದು ದಾರದ ತುದಿಯ ಒಂದೆರಡು ಇಂಚು ಮಾತ್ರ. ಪೊರಕೆ ಹಿಡಿದು ಗುಡಿಸಿದ ಹಾಗೆ ಹೆಡ್ಡನ್ನೇ ಹುಲ್ಲೊಳಗೆ ನುಗ್ಗಿಸಿದ್ರೆ ಹುಲ್ಲು ಸುತ್ತಿಕೊಳ್ಳುತ್ತೆ, ದಾರ ಕರಗುತ್ತೆ. ಉದ್ದ ಹುಲ್ಲಾದ್ರೆ ಮೇಲಿನರ್ಧ ಒಂದು ಸಲ, ಬುಡ ಇನ್ನೊಂದು ಸಲ.

ಸುತ್ತೋಕೆ ಮುಂಚೆ ದಾರವನ್ನ ರಾತ್ರಿಯಿಡೀ ನೀರಲ್ಲಿ ನೆನೆಹಾಕಿ. ನೈಲಾನ್ ನೀರು ಹೀರಿ ಮೆದುವಾಗುತ್ತೆ, ಮುರಿಯೋದು ಕಮ್ಮಿಯಾಗುತ್ತೆ. ನಗಬೇಡಿ, ಮಾಡಿ ನೋಡಿ. ಸ್ಪೂಲ್ ಮೇಲೆ ಬಾಣದ ಗುರುತಿದೆ, ಅದೇ ದಿಕ್ಕಿಗೆ ಬಿಗಿಯಾಗಿ, ಪಕ್ಕಪಕ್ಕಕ್ಕೆ ಕೂರೋ ಹಾಗೆ ಸುತ್ತಿ, ಅಂಚಿನವರೆಗೆ ತುಂಬಬೇಡಿ. ಕುಟ್ಟೋದು ಪೂರ್ತಿ ರೇಸಲ್ಲಿ, ಮೆತ್ತನೆ ನೆಲಕ್ಕೆ, ಹಗುರವಾಗಿ. ದಾರ ಒಂದಿಂಚಿಗೆ ಸವೆದ ಮೇಲೆ ಎಷ್ಟು ಕುಟ್ಟಿದ್ರೂ ಬರಲ್ಲ, ಎಳೆಯೋಷ್ಟು ಭಾರವೇ ಅದಕ್ಕಿರಲ್ಲ. ನಿಲ್ಲಿಸಿ ಕೈಯಲ್ಲೇ ಎಳೀಬೇಕು. ದಪ್ಪ 25 ಸಿಸಿಗೆ 2.4 ಎಂಎಂ. "3 ಎಂಎಂ ಹಾಕಿ, ಬಾಳಿಕೆ ಬರುತ್ತೆ" ಅಂತಾರೆ. ಬಾಳಿಕೆ ಬರೋದು ದಾರ, ಬಳಲೋದು ಇಂಜಿನ್.

ಕೊನೆಗೆ ಗಾರ್ಡ್. ಅದರ ಅಂಚಲ್ಲೊಂದು ಸಣ್ಣ ಚೂರಿ ಇರುತ್ತೆ, ಹೆಚ್ಚಾದ ದಾರ ಕತ್ತರಿಸೋಕೆ. ಹುಲ್ಲು ಸಿಕ್ಕಿಕೊಳ್ಳುತ್ತೆ ಅಂತ ಗಾರ್ಡ್ ಕಿತ್ತು ಹಾಕೋರು ಬೇಕಾದಷ್ಟು ಜನ. ಆಗ ದಾರ ಉದ್ದ ಬೆಳೆದು ಇಂಜಿನ್ನಿಗೆ ಭಾರ, ವೇಗ ಬೀಳುತ್ತೆ, ಕ್ಲಚ್ ಜಾರಿ ಸುಡುತ್ತೆ. ಕಲ್ಲು ಮೊಣಕಾಲಿಗೆ ಬಡಿಯೋದು ಉಚಿತ.


ಗಿಡಬಳ್ಳಿ:

ಮೆಷಿನ್ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ, ಸಸಿ ಅಂದಿದ್ದಕ್ಕೆ ಬರೀತಿದ್ದೀನಿ. ಸಸಿ ಬುಡಕ್ಕೆ ಆ ದಾರ ತಾಗಿಸಬೇಡಿ ಅಕ್ಕ. ಎಳೇ ಗಿಡದ ತೊಗಟೆ ತೀರಾ ತೆಳು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯೋದು ಆ ತೊಗಟೆಯ ಒಳಪದರದಲ್ಲೇ, ಅದರ ಕೆಳಗೇ ಕಾಂಡ ದಪ್ಪವಾಗಿಸೋ ಪದರ. ಸುತ್ತಲೂ ಉಂಗುರದ ಹಾಗೆ ಸುಲಿದು ಹೋದ್ರೆ ಬೇರಿಗೆ ಊಟ ನಿಂತಿತು ಅಂತಲೇ ಅರ್ಥ. ಮೋಸ ಏನಂದ್ರೆ ಗಿಡ ಆವತ್ತೇ ಒಣಗಲ್ಲ. ಬೇರಿನಿಂದ ನೀರು ಮೇಲಕ್ಕೆ ಹೋಗ್ತಾನೇ ಇರುತ್ತೆ, ಎಲೆ ಹಸಿರಾಗೇ ಇರುತ್ತೆ, ತಿಂಗಳುಗಳ ಮೇಲೆ ಸೊರಗುತ್ತೆ. ಆಗ ಎಲ್ಲರೂ ಗೊಬ್ಬರ ಸಾಲದು, ನೀರು ಸಾಲದು ಅಂತಾರೆ, ಯಾರೂ ಬುಡ ಬಗ್ಗಿ ನೋಡಲ್ಲ.

ಬುಡದ ಸುತ್ತ ಒಂದು ಮೊಳ ಜಾಗ ಕೈಯಲ್ಲೇ ಕಿತ್ತು ಒಣ ಹುಲ್ಲು ಹರಡಿ, ಕಾಂಡಕ್ಕೆ ತಾಗದ ಹಾಗೆ. ಅಲ್ಲಿಗೆ ಮೆಷಿನ್ ಹೋಗೋ ಪ್ರಮೇಯವೇ ಇರಲ್ಲ. ಕಾಂಡಕ್ಕೆ ಸೀಳಿದ ಪ್ಲಾಸ್ಟಿಕ್ ಪೈಪಿನ ತುಂಡು ಸಡಿಲವಾಗಿ ತೊಡಿಸಬಹುದು, ಗಿಡ ದಪ್ಪ ಆದ ಹಾಗೆ ಬದಲಾಯಿಸ್ತಾ ಇರಬೇಕು.

ತಮಾಷೆ ನೋಡಿ, ಈ ದಾರದ ಯಂತ್ರ ಹುಟ್ಟಿದ್ದೇ ಮರದ ತೊಗಟೆ ಉಳಿಸೋಕೆ. 1971ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಜಾರ್ಜ್ ಬಾಲಸ್ ಅನ್ನೋರು ಕಾರು ತೊಳೆಯೋ ಕಡೆ ಗಿರಗಿರ ತಿರುಗೋ ನೈಲಾನ್ ಬ್ರಷ್ ನೋಡಿ, ಮರದ ಬುಡದ ಹುಲ್ಲಿಗೂ ಹೀಗೇ ಮಾಡಬಹುದಲ್ಲ ಅಂತ ಒಂದು ಡಬ್ಬಿಗೆ ಮೀನಿನ ಗಾಳದ ದಾರ ಕಟ್ಟಿ ತಿರುಗಿಸಿದರಂತೆ. ದೊಡ್ಡ ಮರದ ದಪ್ಪ ತೊಗಟೆಗೆ ಅದು ಸರಿಯೇ. ಸಸಿಗಲ್ಲ.


ಬೇಲಿಸಾಲು:

ಬ್ಲೇಡ್ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ. ನಾನು ಪೊದೆಗೆ ಮೂರು ಹಲ್ಲಿನ ಬ್ಲೇಡ್ ಹಾಕ್ತೀನಿ, ಬೆರಳು ಗಾತ್ರದ್ದು ಸಲೀಸಾಗಿ ಹೋಗುತ್ತೆ. ಕೈಗರಗಸ ಹಿಡಿದು ಯಾಕೆ ಒದ್ದಾಡಬೇಕು? ಕೆಲವರು ಕಬ್ಬಿಣದ ಸರಪಳಿ ಕಟ್ಟಿರೋ ಹೆಡ್ ಮಾರ್ತಾರೆ, ಅದಿನ್ನೂ ಜೋರು. ಕಲ್ಲು ತಾಗಿದ್ರೂ ಕೇರ್ ಮಾಡಲ್ಲ.


ರಿಪೇರಿಮೇಜು:

ಸರಪಳಿ ಹೆಡ್ ವಿಷಯ ಇಲ್ಲಿಗೇ ಬಿಡಿ ಸ್ವಾಮಿ, ಓದಿದ ಯಾರೂ ತಗೋಬಾರದು. ಕೊಂಡಿ ಕಿತ್ತು ಹಾರಿ ಜೀವ ಹೋಗಿರೋ ಉದಾಹರಣೆ ಇದೆ. ಬಿಡಿ ಬಿಡಿ ಲೋಹದ ತುಂಡು ಜೋಡಿಸಿದ ಇಂಥ ಹೆಡ್‌ಗಳ ಮಾರಾಟವನ್ನೇ ಯುರೋಪಿಯನ್ ಒಕ್ಕೂಟ 2012ರಲ್ಲಿ ನಿಷೇಧಿಸಿತು. ಕಲ್ಲಿಗೆ ಕೇರ್ ಮಾಡದೇ ಇರೋದು ಸರಪಳಿ ಮಾತ್ರ, ಕಲ್ಲು ಎಲ್ಲಿಗೆ ಹೋಗಿ ಬೀಳುತ್ತೆ ಅಂತ ಯಾರಿಗೂ ಗೊತ್ತಿರಲ್ಲ.

ಮೂರು ಹಲ್ಲಿನ ಬ್ಲೇಡ್ ಪೊದೆಗೆ ಸರಿಯೇ, ನಾನು ಬೇಡ ಅನ್ನಲ್ಲ. ಆದರೆ ಇವರ ಇಳಿಜಾರಲ್ಲಿ ಕಲ್ಲಿದೆ ಅಂತ ಮೊದಲೇ ಬರೆದಿದ್ದಾರೆ. ಬ್ಲೇಡ್ ಹಾಕೋದೇ ಆದ್ರೆ ಕೆಲವು ಮಾತು. ದಾರದ ಗಾರ್ಡ್ ಬೇರೆ, ಬ್ಲೇಡಿನ ಗಾರ್ಡ್ ಬೇರೆ, ಪುಸ್ತಕ ನೋಡಿ ಬದಲಾಯಿಸಿ. ಸೈಕಲ್ ಹ್ಯಾಂಡಲ್ ಥರದ ಅಗಲ ಹಿಡಿಕೆ ಬೇಕು. ಬಳೆಯಂಥ ಸಣ್ಣ ಹಿಡಿಕೆಯಾದ್ರೆ ಕಾಲು ಮುಂದೆ ಹೋಗದ ಹಾಗೆ ತಡೆಯೋ ಅಡ್ಡ ಸರಳು ಇರಲೇಬೇಕು. ನೆಟ್ಟನೆ ಪೈಪಿನ ಮೆಷಿನ್‌ಗಳಲ್ಲಿ ನಟ್ ಸಾಮಾನ್ಯವಾಗಿ ಎಡಮರೆ, ಗಡಿಯಾರದ ದಿಕ್ಕಿಗೆ ತಿರುಗಿಸಿದ್ರೆ ಬಿಚ್ಚುತ್ತೆ. ಗೊತ್ತಿಲ್ಲದೆ ಸ್ಪ್ಯಾನರ್ ಹಾಕಿ ಬಲ ಬಿಟ್ಟು ಇನ್ನಷ್ಟು ಬಿಗಿಸಿಕೊಂಡು ಬರ್ತಾರೆ. ಬಿರುಕು ಬಿಟ್ಟ ಬ್ಲೇಡ್ ವೆಲ್ಡ್ ಮಾಡಿಸೋಣ ಅಂತ ಕೇಳ್ತಾರೆ, ಆಗಲ್ಲ ಅಂದ್ರೆ ಆಗಲ್ಲ, ಎಸೀರಿ.

ಇನ್ನು ಒದೆ. ಮೇಲಿನಿಂದ ನೋಡಿದಾಗ ಬ್ಲೇಡನ್ನ ಗಡಿಯಾರದ ಮುಖ ಅಂದ್ಕೊಳ್ಳಿ. 12ರಿಂದ 2 ಗಂಟೆ ನಡುವಿನ ಭಾಗ ಗಟ್ಟಿ ಕಾಂಡಕ್ಕೋ ಕಲ್ಲಿಗೋ ತಾಗಿದ್ರೆ ಮೆಷಿನ್ ಬಲಕ್ಕೆ ಚಿಮ್ಮುತ್ತೆ, ಹಿಡಿದವರನ್ನೂ ಸೇರಿಸಿ. ಹಾಗಾಗಿ ಬಲದಿಂದ ಎಡಕ್ಕೆ ಬೀಸುತ್ತಾ ಬ್ಲೇಡಿನ ಎಡಭಾಗದಲ್ಲಿ ಕೊಯ್ಯಿರಿ. ಇಳಿಜಾರಲ್ಲಿ ಅಡ್ಡಡ್ಡ ನಡೀರಿ, ಏರಿ ಇಳಿದು ಮಾಡಬೇಡಿ.

ದಾರವೋ ಬ್ಲೇಡೋ, ಹದಿನೈದು ಮೀಟರ್ ಒಳಗೆ ಮಗು, ನಾಯಿ, ಮಾತಾಡಿಸೋಕೆ ಬಂದ ನೆಂಟರು ಯಾರೂ ಇರಕೂಡದು. ಕಣ್ಣಿಗೆ ಬರೀ ಜಾಲರಿ ಮುಖವಾಡ ಸಾಲದು, ಸಣ್ಣ ಚೂರು ಜಾಲರಿ ದಾಟಿ ಬರುತ್ತೆ, ಒಳಗೆ ಕನ್ನಡಕ ಹಾಕಿ. ಕಿವಿಗೆ ಮಫ್. ಟೂ ಸ್ಟ್ರೋಕ್ ಪೂರ್ತಿ ರೇಸಲ್ಲಿ ಕಿವಿ ಹತ್ತಿರ 90 ಡೆಸಿಬೆಲ್ ಸುಲಭವಾಗಿ ದಾಟುತ್ತೆ. ಶುರು ಮಾಡೋ ಮುಂಚೆ ಜಾಗ ಪೂರ್ತಿ ಒಂದು ಸುತ್ತು ನಡೆದು ಕಲ್ಲು, ತಂತಿ ಚೂರು, ಬಾಟಲಿ ಆರಿಸಿ, ಹುಲ್ಲನ್ನ ಕೋಲಿಂದ ತಟ್ಟಿ. ಒಳಗೆ ಹಾವು ಕಪ್ಪೆ ಇದ್ರೆ ಸರಿದು ಹೋಗಲಿ ಪಾಪ.


ಹಿತ್ತಲಹುಲ್ಲು:

ಎಲ್ಲರಿಗೂ ಧನ್ಯವಾದ. ನಿನ್ನೆ ಹೋಗಿ ಬೀಸಿ ನೋಡಿ ಬಂದ್ವಿ. ಟ್ಯಾಂಕ್ ತುಂಬಿಸಿ ಬೆಲ್ಟ್ ಹಾಕಿಸಿ ಅಂದಿದ್ದಕ್ಕೆ ಅಂಗಡಿಯ ಹುಡುಗ ವಿಚಿತ್ರವಾಗಿ ನೋಡಿದ, ಆದರೆ ಮಾಡಿಕೊಟ್ಟ. 52 ಸಿಸಿದು ತಮ್ಮನೇ ಸ್ವಲ್ಪ ಹೊತ್ತಿಗೆ ಕೆಳಗಿಟ್ಟ. 27 ಸಿಸಿ ಟೂ ಸ್ಟ್ರೋಕ್, ನೆಟ್ಟನೆ ಪೈಪ್, ಎರಡು ಭುಜದ ಬೆಲ್ಟ್, ಇದಕ್ಕೆ ಇಬ್ಬರೂ ಒಪ್ಪಿದ್ದೀವಿ. ಪುಸ್ತಕದಲ್ಲಿ 50:1 ಅಂತಿದೆ. ಪೊದೆ ಕಡಿಯೋ ಕೆಲಸ ಅವನದೇ ಅಂತ ತೀರ್ಮಾನ ಆಯ್ತು, ಕತ್ತಿ ಮಸೀತಿದ್ದಾನೆ.

ಕೊನೇ ಪ್ರಶ್ನೆ: ಹುಲ್ಲು ಬೆಳೆಯದ ತಿಂಗಳುಗಳಲ್ಲಿ ಮೆಷಿನ್ ಸುಮ್ಮನೆ ಮೂಲೆಯಲ್ಲಿರುತ್ತೆ. ಟ್ಯಾಂಕ್ ತುಂಬಿಸಿಡಬೇಕಾ, ಖಾಲಿ ಮಾಡಬೇಕಾ?


ರಿಪೇರಿಮೇಜು:

ಒಳ್ಳೇ ಆಯ್ಕೆ. ಟ್ಯಾಂಕ್ ಖಾಲಿ ಮಾಡಿ. ಆಮೇಲೆ ಗುಳ್ಳೆ ಒತ್ತಿ ಒತ್ತಿ ಪೈಪಲ್ಲಿರೋದನ್ನೂ ಟ್ಯಾಂಕಿಗೆ ವಾಪಸ್ ಕಳಿಸಿ ಚೆಲ್ಲದೆ ಕ್ಯಾನಿಗೆ ತೆಗೀರಿ, ಸ್ಟಾರ್ಟ್ ಮಾಡಿ ಐಡಲಲ್ಲಿ ತಾನಾಗೇ ಆರಿಹೋಗೋವರೆಗೂ ಬಿಡಿ. ಆಗ ಕಾರ್ಬೋರೇಟರ್ ಒಣಗುತ್ತೆ. ಗಾಳಿ ಫಿಲ್ಟರ್ ಸ್ಪಂಜಿಂದಾದ್ರೆ ಸೋಪು ನೀರಲ್ಲಿ ಹಿಂಡಿ ನೆರಳಲ್ಲಿ ಒಣಗಿಸಿ. ಇಂಜಿನ್ನಿನ ರೆಕ್ಕೆಗಳ ಸಂದಿಯ ಹುಲ್ಲಿನ ಪುಡಿ ಬ್ರಷ್ಷಿಂದ ತೆಗೀರಿ, ಅದು ಕೂತ್ರೆ ಮುಂದಿನ ಸಲ ಇಂಜಿನ್ ಕಾಯುತ್ತೆ. ಪ್ಲಗ್ ಬಿಚ್ಚಿ ಆ ತೂತಲ್ಲಿ ಅರ್ಧ ಚಮಚ ಟೂ ಸ್ಟ್ರೋಕ್ ಆಯಿಲ್ ಬಿಟ್ಟು, ಹಗ್ಗ ಮೆಲ್ಲಗೆ ಎರಡು ಮೂರು ಸಲ ಎಳೆದು ಪ್ಲಗ್ ವಾಪಸ್ ಹಾಕಿ. ಮತ್ತೆ ತೆಗೆದಾಗ ಹೊಸ ಪೆಟ್ರೋಲ್ ಕಲಸಿ. ಮೊದಲ ಎರಡು ನಿಮಿಷ ಬಿಳೀ ಹೊಗೆ ಜೋರಾಗೇ ಬರುತ್ತೆ, ತಮ್ಮ ಗಾಬರಿಯಾಗಿ ಆಫ್ ಮಾಡದಿರಲಿ, ಸುಡ್ತಿರೋದು ಆ ಅರ್ಧ ಚಮಚವೇ.